ರಿಂಗಿನ ಕೊಂಡಿ ಒಳಕ್ಕೆ ಬಾಗಿರಲಿ

ಕಾಂಕ್ರೀಟ್ ಹಾಕಿದ ಮೇಲೆ ಎಲ್ಲ ಕಂಬಗಳೂ ಒಂದೇ ಥರ ಕಾಣುತ್ತವೆ. ಕಂಬದ ಹಣೆಬರಹ ಓದಲು ಸಿಗುವುದು ಅದಕ್ಕೆ ಮುಂಚಿನ ಎರಡು ಮೂರು ದಿನ ಮಾತ್ರ. ಆಗ ಕಂಬಿ ಕಟ್ಟಿ ನಿಲ್ಲಿಸಿರುತ್ತಾರೆ, ಸೆಂಟ್ರಿಂಗ್ ಶೀಟು ಇನ್ನೂ ಮುಚ್ಚಿರುವುದಿಲ್ಲ. ಯಲಹಂಕದ ಪುಟ್ಟೇನಹಳ್ಳಿಯಲ್ಲಿ ಮನೆ ಮಾಡಿಕೊಂಡಿರುವ ನನಗೆ ಹೆಬ್ಬಾಳದ ಕಡೆ ಹೋಗುವಾಗೆಲ್ಲ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೇ ಬೇಕು. ವಿಮಾನ ನಿಲ್ದಾಣ ರಸ್ತೆಯಲ್ಲಿ ಮೆಟ್ರೊ ನೀಲಿ ಮಾರ್ಗದ ಕಂಬಗಳು ಏಳತೊಡಗಿದಾಗಿನಿಂದ ಆ ಕಂಬಿ ಪಂಜರಗಳನ್ನು ನೋಡುತ್ತಲೇ ಬಂದಿದ್ದೇನೆ. ಅಟ್ಟಣಿಗೆಯ ಮೇಲೆ ನಿಂತ ಹುಡುಗ ಸೊಂಟದ ಕಟ್ಟಿನಿಂದ ಬೈಂಡಿಂಗ್ ವೈರ್ ಎಳೆದು, ಹುಕ್ಕಿನಿಂದ ಎರಡು ಸುತ್ತು ತಿರುವಿ, ಉದ್ದ ಕಂಬಿಗಳಿಗೆ ಅವನ್ನು ಸುತ್ತುವರಿದ ಅಡ್ಡ ರಿಂಗನ್ನು ಬಿಗಿಯುತ್ತಾನೆ. ನನ್ನ ಕಣ್ಣು ಹೋಗುವುದು ಆ ರಿಂಗಿನ ತುದಿಗೆ. ಅದು ಒಳಕ್ಕೆ ಬಾಗಿದೆಯೋ ಇಲ್ಲವೋ?

ಎದುರು ಮನೆಯ ನಿವೃತ್ತ ಮೇಷ್ಟ್ರು ಒಂದು ದಿನ ಜೊತೆಯಲ್ಲಿದ್ದರು. ನಾನು ಕತ್ತು ಚಾಚಿದ್ದನ್ನು ಕಂಡು ಹೇಳಿದರು: ‘ಈಗೆಲ್ಲ ಹೈ ಸ್ಟ್ರೆಂತ್ ಕಾಂಕ್ರೀಟಂತಲ್ಲ ಸಾರ್, ಕಂಬಿನೂ ಹಾಗೇ ಅಂತೆ. ಭೂಕಂಪ ಆದ್ರೂ ಏನೂ ಆಗೊಲ್ಲ ಬಿಡಿ.’ ಆ ‘ಬಿಡಿ’ ಎನ್ನುವ ನೆಮ್ಮದಿ ಮೇಷ್ಟ್ರೊಬ್ಬರದೇ ಅಲ್ಲ. ಟೆಂಡರ್ ಬರೆಯುವವರಿಂದ ಹಿಡಿದು ಮನೆ ಕಟ್ಟಿಸುವವರವರೆಗೆ ಎಲ್ಲರಲ್ಲೂ ಅದು ಬೇರೂರಿದೆ. ಬಲ ಹೆಚ್ಚಿದಷ್ಟೂ ಭದ್ರ ಎಂಬ ಲೆಕ್ಕ ಭಾರ ಹೊರುವ ಮಟ್ಟಿಗೆ ಸರಿ. ನೆಲ ಅಲುಗಿದಾಗ ಆ ಲೆಕ್ಕ ತಪ್ಪುತ್ತದೆ. ಎಷ್ಟರಮಟ್ಟಿಗೆ ತಪ್ಪುತ್ತದೆಂದರೆ, ಕೆಲವೊಮ್ಮೆ ಬಲ ಜಾಸ್ತಿಯಾದದ್ದೇ ಕಂಬಕ್ಕೆ ಮುಳುವಾಗುತ್ತದೆ.

ಮೊದಲಿಗೆ, ನಮ್ಮ ನೆಲ ಅಲುಗುತ್ತದೆಯೇ? 2021ರ ಡಿಸೆಂಬರ್ 22ರ ಬೆಳಿಗ್ಗೆ ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ಜನ ಮನೆಯಿಂದ ಹೊರಗೆ ಓಡಿಬಂದರು. 3ರ ಆಸುಪಾಸಿನ ತೀವ್ರತೆಯ ಎರಡು ಕಂಪನ, ಕೆಲವೇ ನಿಮಿಷಗಳ ಅಂತರದಲ್ಲಿ. ಚಿಕ್ಕಬಳ್ಳಾಪುರ ಪುಟ್ಟೇನಹಳ್ಳಿಯಿಂದ ಒಂದು ಗಂಟೆಯ ದಾರಿ. ಅದೇ ವರ್ಷ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ಜನ ರಾತ್ರಿಗಳನ್ನು ಮನೆಯ ಹೊರಗೆ ಕಳೆದಿದ್ದರು. ಮರುವರ್ಷ ಕೊಡಗು–ಸುಳ್ಯ ಗಡಿಯ ಚೆಂಬು ಸುತ್ತಮುತ್ತ ಭೂಮಿ ಗುಡುಗಿತು. ಇವೆಲ್ಲ ಸಣ್ಣವು. 1843ರಲ್ಲಿ ಬಳ್ಳಾರಿ ಕಂಪಿಸಿತ್ತು. 1900ರ ಫೆಬ್ರುವರಿ 8ರಂದು ಕೊಯಮತ್ತೂರಿನಲ್ಲಿ ಆದದ್ದು ಸುಮಾರು 6ರ ತೀವ್ರತೆಯದು, ದಕ್ಷಿಣ ಭಾರತದ ಬಹುಭಾಗಕ್ಕೆ ಅದರ ಅನುಭವವಾಗಿತ್ತು.

ನಮ್ಮ ರೈಲು ದಾರಿಯಲ್ಲೇ, ಯಲಹಂಕ ದಾಟಿ ದೊಡ್ಡಬಳ್ಳಾಪುರ ದಾಟಿದರೆ ಸಿಗುವ ಗೌರಿಬಿದನೂರಿನಲ್ಲಿ 1960ರ ದಶಕದಿಂದ ಭೂಕಂಪನ ಮಾಪಕಗಳ ಒಂದು ಸಾಲು ಇದೆ. ಭಾಭಾ ಅಣು ಸಂಶೋಧನಾ ಕೇಂದ್ರದವರು ಇಂಗ್ಲೆಂಡಿನವರ ನೆರವಿನಿಂದ ಹಾಕಿದ್ದು. ಎರಡು ಕೈ ಚಾಚಿದಂತೆ, ಒಂದೊಂದು ಕೈಗೂ ಹತ್ತು ಮಾಪಕ. ದೂರದ ದೇಶಗಳ ಅಣು ಸ್ಫೋಟ ಪತ್ತೆ ಹಚ್ಚಲು ಆ ಜಾಗ ಆರಿಸಿದ್ದೇ ಅಲ್ಲಿನ ಬಂಡೆ ಅಷ್ಟು ಗಟ್ಟಿ, ಅಷ್ಟು ಮೌನ ಎನ್ನುವ ಕಾರಣಕ್ಕೆ. ಆ ಮೌನದ ಮೇಲೆ ನಾವು ಬಹಳ ಭಾರ ಹಾಕಿದ್ದೇವೆ.

ಕಿಲಾರಿಯನ್ನು ನೆನೆಯಿರಿ. 1993ರ ಸೆಪ್ಟೆಂಬರ್ 30, ಗಣೇಶ ವಿಸರ್ಜನೆ ಮುಗಿಸಿ ಊರು ಮಲಗಿದ್ದ ರಾತ್ರಿ. ನಮ್ಮ ಬೀದರ್, ಕಲಬುರಗಿ ಗಡಿಗೆ ಹತ್ತಿರದ ಲಾತೂರು ಸೀಮೆ. ತೀವ್ರತೆ 6.2. ಹತ್ತಿರ ಹತ್ತಿರ ಹತ್ತು ಸಾವಿರ ಜನ ಹೋದರು. ಅಂದು ಜಾರಿಯಲ್ಲಿದ್ದ 1984ರ ಭೂಕಂಪ ನಕ್ಷೆಯಲ್ಲಿ ಕಿಲಾರಿ ಇದ್ದದ್ದು ವಲಯ 1ರಲ್ಲಿ, ಅಂದರೆ ದೇಶದಲ್ಲೇ ಅತಿ ಕಡಿಮೆ ಅಪಾಯದ ಪಟ್ಟಿಯಲ್ಲಿ. ಬೆಂಗಳೂರು ಕೂಡ ಅದೇ ಪಟ್ಟಿಯಲ್ಲಿತ್ತು. 2002ರಲ್ಲಿ ಆ ಮೊದಲ ವಲಯವನ್ನೇ ತೆಗೆದುಹಾಕಿ ಎರಡನೆಯದರಲ್ಲಿ ಸೇರಿಸಿದರು. ಆ ನಕ್ಷೆಯಲ್ಲಿ ನಾವು ವಲಯ 2. 2016ರ ಐಎಸ್ 1893 ಸಂಹಿತೆ ನಮಗೆ ಕೊಟ್ಟ ಅಂಕ 0.10. ಅಂದರೆ ನೆಲ ಅಡ್ಡಡ್ಡ ಅಲುಗುವ ವೇಗೋತ್ಕರ್ಷ ಗುರುತ್ವದ ಹತ್ತನೇ ಒಂದರಷ್ಟು. ಮಂಗಳೂರಿಗೆ 0.16, ಭುಜ್‌ಗೆ 0.36. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ಜಿ. ಸೀತಾರಾಮ್ ಮತ್ತು ಪಿ. ಅನ್ಬಳಗನ್ ಬೆಂಗಳೂರಿನ ನೆಲವನ್ನು ಬಗೆದು ನೋಡಿದಾಗ, ಮಂಡ್ಯ–ಚನ್ನಪಟ್ಟಣ–ಬೆಂಗಳೂರು ಭೂರೇಖೆಯನ್ನು ಗಣನೆಗೆ ತೆಗೆದುಕೊಂಡು, ಗಟ್ಟಿಬಂಡೆಯ ಮೇಲೇ ಸುಮಾರು 0.15 ಬರಬಹುದೆಂದರು. ಬಂಡೆಯ ಮೇಲೆ ಮೆದುಮಣ್ಣಿದ್ದರೆ ಅಲುಗಾಟ ಇನ್ನೂ ಹಿಗ್ಗುತ್ತದೆ. ನಮ್ಮ ಊರಿನಲ್ಲಿ ಮೆದುಮಣ್ಣು ಎಲ್ಲಿದೆ ಎಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಪುಟ್ಟೇನಹಳ್ಳಿ ಕೆರೆ 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಣೆಯಾದದ್ದರಿಂದ ಕೆರೆಯಾಗಿಯೇ ಉಳಿದಿದೆ. ಅಷ್ಟು ಅದೃಷ್ಟ ಎಲ್ಲ ಕೆರೆಗಳಿಗೂ ಇರಲಿಲ್ಲ.

ಇನ್ನು ಬಲದ ಮಾತಿಗೆ ಬರೋಣ.

ಹದಿನೈದು ಸೆಂಟಿಮೀಟರ್ ಅಳತೆಯ ಕಾಂಕ್ರೀಟ್ ಕ್ಯೂಬನ್ನು 28 ದಿನ ನೀರಿನಲ್ಲಿಟ್ಟು ಯಂತ್ರದಡಿ ಒತ್ತುತ್ತಾರೆ. ಎಂ25 ಎನ್ನುವ ಸಾಧಾರಣ ದರ್ಜೆಯ ಕ್ಯೂಬ್ ಸುಮಾರು 57 ಟನ್ ತಡೆಯಬೇಕು, ಎಂ60 ಆದರೆ ಸುಮಾರು 137 ಟನ್. ನಮ್ಮ ಐಎಸ್ 456 ಸಂಹಿತೆ ಎಂ60ರಿಂದ ಮೇಲಿನದನ್ನು ಹೈ ಸ್ಟ್ರೆಂತ್ ಎಂದು ಕರೆಯುತ್ತದೆ. ಕಡಿಮೆ ನೀರು, ಸಿಲಿಕಾ ಫ್ಯೂಮ್‌ನಂಥ ನವಿರಾದ ಪುಡಿ, ನೀರಿನ ಕೊರತೆ ತುಂಬುವ ಅಡ್ಮಿಕ್ಸ್ಚರ್, ಇವೆಲ್ಲ ಸೇರಿ ಅದು ಆಗುತ್ತದೆ. ಇಷ್ಟು ಬಲವಿದ್ದರೆ ಕಂಬವನ್ನು ಸಣ್ಣದು ಮಾಡಬಹುದು. ಎರಡು ರಸ್ತೆಗಳ ನಡುವಿನ ಕಿರಿದಾದ ಮೀಡಿಯನ್‌ನಲ್ಲಿ ಕಂಬ ನಿಲ್ಲಿಸಬೇಕಾದ ಊರಿಗೆ ಇದು ದೊಡ್ಡ ಅನುಕೂಲ. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ಆ ಕ್ಯೂಬ್ ಒಡೆಯುವುದನ್ನು ಹತ್ತಿರದಿಂದ ನೋಡಬೇಕು. ಎಂ25 ಕ್ಯೂಬ್ ಸಾಯುವ ಮುಂಚೆ ನಾಲ್ಕು ಸಲ ಸುಳಿವು ಕೊಡುತ್ತದೆ. ಪಕ್ಕಗಳಲ್ಲಿ ಕೂದಲೆಳೆಯ ಬಿರುಕು ಮೂಡುತ್ತದೆ, ಪುಡಿ ಉದುರುತ್ತದೆ, ಯಂತ್ರದ ಮುಳ್ಳು ನಿಧಾನವಾಗಿ ಹಿಂದೆ ಸರಿಯುತ್ತದೆ, ಕೊನೆಗೆ ಡಮರುಗದ ಆಕಾರ ಉಳಿಯುತ್ತದೆ. ಬಿರುಕು ಜಲ್ಲಿಯನ್ನು ಸುತ್ತಿಕೊಂಡು ಹೋಗಿರುತ್ತದೆ. ಒಡೆದ ಮುಖದಲ್ಲಿ ಜಲ್ಲಿಕಲ್ಲುಗಳು ಇಡಿಯಾಗಿ ಕಾಣುತ್ತವೆ, ಕಿತ್ತುಬಂದ ಕಲ್ಲಿನ ಗುಳಿಗಳು ಕಾಣುತ್ತವೆ. ಎಂ80 ಕ್ಯೂಬ್ ಹಾಗಲ್ಲ. ಕೊನೆಯ ಕ್ಷಣದವರೆಗೂ ಸುಮ್ಮನಿದ್ದು ‘ಢಂ’ ಎಂದು ಸಿಡಿಯುತ್ತದೆ, ಎದುರಿಗೆ ತಡೆಪರದೆ ಇಲ್ಲದಿದ್ದರೆ ಚೂರು ಕಣ್ಣಿಗೆ ಬೀಳುತ್ತದೆ. ಆ ಚೂರನ್ನು ಎತ್ತಿ ನೋಡಿದರೆ ಜಲ್ಲಿಕಲ್ಲೇ ಎರಡು ಹೋಳಾಗಿರುತ್ತದೆ. ಸಿಮೆಂಟಿನ ಅಂಟು ಕಲ್ಲಿನಷ್ಟೇ ಗಟ್ಟಿಯಾದ್ದರಿಂದ ಬಿರುಕಿಗೆ ಸುತ್ತಿ ಹೋಗಬೇಕಾದ ಅಗತ್ಯವಿಲ್ಲ, ನೆಟ್ಟಗೆ ಸೀಳಿಕೊಂಡು ಹೋಗುತ್ತದೆ.

ಸುಮ್ಮನೆ ಭಾರ ಹೊತ್ತು ನಿಲ್ಲುವ ಕಂಬಕ್ಕೆ ಇದರಿಂದ ತೊಂದರೆಯಿಲ್ಲ. ಭೂಕಂಪಕ್ಕೆ ಮಾತ್ರ ತೊಂದರೆ. ಯಾಕೆಂದರೆ ಭೂಕಂಪವನ್ನು ಬಲದಿಂದಲೇ ಎದುರಿಸುವ ಸೇತುವೆಯನ್ನು ನಾವು ಕಟ್ಟುವುದೇ ಇಲ್ಲ. ಒಂದು ಸರಳ ಲೆಕ್ಕ ನೋಡಿ. 1000 ಟನ್ ಹೊತ್ತ ಕಂಬ ಎಂದುಕೊಳ್ಳಿ. ವಲಯ 2ರ ಅಂಕ 0.10, ಸಂಹಿತೆಯ ಪ್ರಕಾರ ಅದರ ಅರ್ಧ 0.05. ಕಂಬ ತನ್ನ ಲಯದಲ್ಲಿ ತೂಗಾಡುವುದರಿಂದ ಅದು ಎರಡೂವರೆ ಪಟ್ಟಿನವರೆಗೆ ಹಿಗ್ಗಬಹುದು. ಅಲ್ಲಿಗೆ 125 ಟನ್ ಅಡ್ಡದೂಕು. ಈ 125ಕ್ಕೆ ನಾವು ಕಂಬ ಕಟ್ಟುವುದಿಲ್ಲ. ಅದನ್ನು ಇನ್ನೊಂದು ಅಂಕೆಯಿಂದ, ಮೂರು ಎಂದಿಟ್ಟುಕೊಳ್ಳಿ, ಭಾಗಿಸುತ್ತೇವೆ. 42 ಟನ್ನಿಗೆ ಕಟ್ಟುತ್ತೇವೆ. ಉಳಿದದ್ದು ಎಲ್ಲಿ ಹೋಯಿತು? ಉಳಿದದ್ದು ಸಾಲ. ‘ದೊಡ್ಡ ಕಂಪನ ಬಂದಾಗ ಕಂಬ ಬುಡದಲ್ಲಿ ಬಾಗುತ್ತದೆ, ಕಂಬಿ ಹಿಗ್ಗುತ್ತದೆ, ಆದರೆ ಬೀಳುವುದಿಲ್ಲ’ ಎಂದು ಮಾತು ಕೊಟ್ಟು ಪಡೆದ ಸಾಲ. ಇಡೀ ಜಗತ್ತು ಹೀಗೇ ಕಟ್ಟುತ್ತದೆ, ಇದರಲ್ಲಿ ಮೋಸವಿಲ್ಲ. ಸಾಲ ತೀರಿಸುವ ದಿನ ಕಂಬಕ್ಕೆ ಬಾಗುವ ಗುಣ ಇರಬೇಕು, ಅಷ್ಟೇ. ಎಂ80 ಕ್ಯೂಬಿನ ಥರ ಢಂ ಎಂದರೆ ಮಾತಿಗೆ ತಪ್ಪಿದಂತೆ.

ಹಾಗಾದರೆ ಸಿಡಿಯುವ ವಸ್ತುವನ್ನು ಬಾಗುವಂತೆ ಮಾಡುವುದು ಹೇಗೆ? ಅಕ್ಕಿ ಮೂಟೆಯನ್ನು ನೋಡಿ. ನೆಲಕ್ಕೆ ಸುರಿದ ಅಕ್ಕಿ ರಾಶಿಯ ಮೇಲೆ ನಿಲ್ಲಲು ಹೋದರೆ ಕಾಲು ಹೂತುಹೋಗುತ್ತದೆ. ಅದೇ ಅಕ್ಕಿಯನ್ನು ಗೋಣಿಚೀಲಕ್ಕೆ ತುಂಬಿ ಬಾಯಿ ಹೊಲಿದರೆ, ಒಂದರ ಮೇಲೊಂದು ಹತ್ತು ಮೂಟೆ ಅಟ್ಟಿ ಹಾಕಬಹುದು, ಹಮಾಲರು ಅದರ ಮೇಲೆ ಹತ್ತಿ ನಡೆಯಬಹುದು. ಅಕ್ಕಿಯ ಬಲ ಹೆಚ್ಚಲಿಲ್ಲ. ಪಕ್ಕಕ್ಕೆ ಸರಿಯದಂತೆ ಚೀಲ ಅಪ್ಪಿಕೊಂಡಿತು. ಕಂಬದಲ್ಲಿ ಆ ಚೀಲವೇ ರಿಂಗು. ಭಾರಿ ಅಲುಗಾಟದಲ್ಲಿ ಹೊರಗಿನ ಕಾಂಕ್ರೀಟ್ ಪದರ ಉದುರಿಹೋದರೂ, ರಿಂಗಿನೊಳಗಿನ ತಿರುಳು ನುಚ್ಚಾಗಿಯೂ ಮೂಟೆಯ ಅಕ್ಕಿಯಂತೆ ಭಾರ ಹೊರುತ್ತದೆ. ರಿಂಗು ಬಿಚ್ಚಿದರೆ ಚೀಲ ಹರಿದಂತೆ. ಉದ್ದ ಕಂಬಿಗಳು ಹೊರಕ್ಕೆ ಬಾಗಿ ಕಂದೀಲಿನಂತೆ ಉಬ್ಬುತ್ತವೆ, ತಿರುಳು ಸುರಿದುಹೋಗುತ್ತದೆ. ಉದ್ದ ಕಂಬಿ ಎಷ್ಟೇ ದಪ್ಪವಿರಲಿ, ಅದನ್ನು ನೆಟ್ಟಗೆ ನಿಲ್ಲಿಸುವುದು ಅಡ್ಡ ಹಿಡಿತವೇ. 2023ರ ಜನವರಿ 10ರಂದು ನಾಗವಾರದ ಬಳಿ ಹೊರವರ್ತುಲ ರಸ್ತೆಯಲ್ಲಿ ಕಾಂಕ್ರೀಟನ್ನೇ ಕಾಣದ ಮೆಟ್ರೊ ಕಂಬದ ಪಂಜರ ರಸ್ತೆಗೆ ಬಿದ್ದು ತಾಯಿ ಮತ್ತು ಪುಟ್ಟ ಮಗು ತೀರಿಕೊಂಡರು. ಅಲ್ಲಿ ಭೂಕಂಪವಿರಲಿಲ್ಲ. ನೆಟ್ಟಗೆ ನಿಂತ ಉಕ್ಕು ಹಿಡಿತವಿಲ್ಲದಾಗ ಎಷ್ಟು ಅಬಲ ಎನ್ನುವುದನ್ನು ನೆನೆದರೆ ಆ ರಸ್ತೆಯಲ್ಲಿ ಹೋಗುವಾಗ ಇಂದಿಗೂ ಗಂಟಲು ಕಟ್ಟುತ್ತದೆ.

ಹೈ ಸ್ಟ್ರೆಂತ್ ಕಾಂಕ್ರೀಟಿನಲ್ಲಿ ಈ ಚೀಲದ ಕೆಲಸ ಕಷ್ಟವಾಗುತ್ತದೆ. ಸಾಧಾರಣ ಕಾಂಕ್ರೀಟ್ ಒತ್ತಡ ಏರಿದಂತೆ ಒಳಗೊಳಗೇ ಬಿರಿದು ಸ್ವಲ್ಪ ಉಬ್ಬುತ್ತದೆ. ಆ ಉಬ್ಬು ರಿಂಗನ್ನು ಎಳೆಯುತ್ತದೆ, ರಿಂಗು ಬಿಗಿದುಕೊಳ್ಳುತ್ತದೆ. ಹೈ ಸ್ಟ್ರೆಂತ್ ಕಾಂಕ್ರೀಟ್ ಕೊನೆಯವರೆಗೂ ಉಬ್ಬುವುದೇ ಕಡಿಮೆ. ರಿಂಗಿಗೆ ಕರೆ ಬರುವ ಹೊತ್ತಿಗೆ ತಡವಾಗಿರುತ್ತದೆ. ಹಾಗಾಗಿ ಅಲ್ಲಿ ರಿಂಗು ಇನ್ನೂ ಒತ್ತೊತ್ತಾಗಿ ಇರಬೇಕು, ಕೊಂಡಿ ಇನ್ನೂ ಭದ್ರವಾಗಿರಬೇಕು. ಜಪಾನ್ 1988ರಿಂದ ಐದು ವರ್ಷ ‘ನ್ಯೂ ಆರ್‌ಸಿ’ ಹೆಸರಿನಲ್ಲಿ ರಾಷ್ಟ್ರೀಯ ಯೋಜನೆಯನ್ನೇ ಹಾಕಿಕೊಂಡು ಬಲಿಷ್ಠ ಕಾಂಕ್ರೀಟು, ಬಲಿಷ್ಠ ಉಕ್ಕುಗಳನ್ನು ಪರೀಕ್ಷಿಸಿತು. ಅಲ್ಲಿ ರಿಂಗಿಗೆ ಬಳಸುವ ಉಕ್ಕಿನಲ್ಲಿ ನಮ್ಮ ಫೆ500 ದರ್ಜೆಯ ಕಂಬಿಯ ಎರಡೂವರೆ ಪಟ್ಟು ಬಲದ್ದೂ ಇದೆ. ಕಾಂಕ್ರೀಟಿನ ದರ್ಜೆ ಏರಿಸಿ ರಿಂಗನ್ನು ಹಿಂದಿನಂತೆಯೇ ಬಿಟ್ಟರೆ ಕಂಬ ಕಾಗದದ ಮೇಲೆ ಮಾತ್ರ ಬಲವಾಗುತ್ತದೆ.

ರಿಂಗಿನ ಪಾಠವನ್ನು ಜಗತ್ತು ಸುಲಭಕ್ಕೆ ಕಲಿಯಲಿಲ್ಲ. 1971ರ ಫೆಬ್ರುವರಿ 9ರ ಸ್ಯಾನ್ ಫರ್ನಾಂಡೊ ಕಂಪನದವರೆಗೆ ಕ್ಯಾಲಿಫೋರ್ನಿಯಾದ ಸೇತುವೆ ಕಂಬಗಳಲ್ಲಿ ಅರ್ಧ ಇಂಚಿನ ರಿಂಗು ಅಡಿಗೊಂದರಂತೆ ಇರುತ್ತಿತ್ತು. ಹೊಸ ಸೇತುವೆಗಳೇ ಬಿದ್ದ ಮೇಲೆ ಅದು ಬದಲಾಯಿತು. ಅದಾದ ಸುಮಾರು ಕಾಲು ಶತಮಾನಕ್ಕೆ, 1995ರ ಜನವರಿ 17ರ ನಸುಕಿನ 5 ಗಂಟೆ 46 ನಿಮಿಷಕ್ಕೆ, ಕೋಬೆಯ ಸರದಿ. ಹಾನ್ಶಿನ್ ಎಕ್ಸ್‌ಪ್ರೆಸ್‌ವೇಯ ಫುಕಾಯೆ ಭಾಗದಲ್ಲಿ 635 ಮೀಟರ್ ಉದ್ದದ ಮೇಲ್ಸೇತುವೆ ಪಕ್ಕಕ್ಕೆ ಮಗುಚಿ ಮಲಗಿತು. ಒಂಟಿಕಾಲಿನ ದುಂಡು ಕಂಬಗಳು, ಮೂರು ಮೀಟರಿಗೂ ಹೆಚ್ಚು ವ್ಯಾಸ. ನಮ್ಮ ಮೆಟ್ರೊ ಕಂಬಗಳಿಗಿಂತ ದಪ್ಪ. 1960ರ ದಶಕದ ಕೊನೆಗೆ ಕಟ್ಟಿದಾಗ ಉಕ್ಕು ಉಳಿಸಲು ಒಳಸುತ್ತಿನ ಉದ್ದ ಕಂಬಿಗಳನ್ನು ಬುಡದಿಂದ ಒಂದಾಳು ಎತ್ತರಕ್ಕೆ ಸ್ವಲ್ಪ ಮೇಲೆ ನಿಲ್ಲಿಸಿಬಿಟ್ಟಿದ್ದರು. ಮೇಲಕ್ಕೆ ಹೋದಂತೆ ಬಾಗುವ ಒತ್ತಡ ಕಡಿಮೆ, ಅಲ್ಲಿ ಅಷ್ಟು ಕಂಬಿ ಬೇಡ ಎನ್ನುವುದು ಆಗಿನ ಲೆಕ್ಕ. ರಿಂಗುಗಳು ವಿರಳ. ತುದಿಗಳನ್ನು ತಿರುಳಿಗೆ ಬಗ್ಗಿಸಿ ಕಚ್ಚಿಸದೆ ಒಂದರ ಪಕ್ಕ ಒಂದು ಹಾಯಿಸಿ ಬಿಟ್ಟಿದ್ದರು. ಹೊರ ಪದರ ಉದುರಿದೊಡನೆ ಆ ರಿಂಗುಗಳಿಗೆ ಹಿಡಿದುಕೊಳ್ಳಲು ಏನೂ ಉಳಿಯಲಿಲ್ಲ. ಕಂಬ ಮುರಿದದ್ದು ಆ ಕಂಬಿ ನಿಂತ ಜಾಗದಲ್ಲೇ. ಎಕ್ಸ್‌ಪ್ರೆಸ್‌ವೇಯ ಮುರಿದ ಅಂಚಿನಾಚೆ ಮುಂಗಾಲಿಗಳನ್ನು ಚಾಚಿ ನಿಂತ ಬಸ್ಸಿನ ಚಿತ್ರವನ್ನು ಆ ವಾರ ಇಡೀ ಜಗತ್ತು ನೋಡಿತು.

ಒಂಟಿಕಾಲಿನ ಕಂಬ ಎಂದೆನಲ್ಲ, ಅದರ ಬಗ್ಗೆ ಇನ್ನೊಂದು ಮಾತು. ನಾಲ್ಕು ಕಾಲಿನ ಮೇಜಿಗೆ ಒಂದು ಕಾಲು ಸೊಟ್ಟಗಾದರೂ ಉಳಿದ ಮೂರು ತಡೆಯುತ್ತವೆ. ಮೆಟ್ರೊ ಕಂಬ ತಲೆಯ ಮೇಲೆ ಕೊಡ ಹೊತ್ತು ಒಂಟಿಕಾಲಿನಲ್ಲಿ ನಿಂತ ಹಾಗೆ. ಭಾರವೆಲ್ಲ ತುದಿಯಲ್ಲಿ, ಬಾಗುವುದೆಲ್ಲ ಬುಡದಲ್ಲಿ. ಬುಡದ ಒಂದೆರಡು ಮೀಟರ್ ಕೆಟ್ಟರೆ ಹಂಚಿಕೊಳ್ಳಲು ಬೇರೆ ಯಾರೂ ಇಲ್ಲ. ಕಂಬವನ್ನು ಸಣ್ಣದು ಮಾಡಿದಷ್ಟೂ ಅದು ಹೆಚ್ಚು ತೂಗಾಡುತ್ತದೆ. ಕೊಡ ಬುಡದಿಂದ ಪಕ್ಕಕ್ಕೆ ಸರಿದಷ್ಟೂ ಕೊಡದ ತೂಕವೇ ಕಂಬವನ್ನು ಇನ್ನಷ್ಟು ಬಾಗಿಸುತ್ತದೆ.

ಉಕ್ಕಿನ ಮಾತು ಕಾಂಕ್ರೀಟಿನದಕ್ಕಿಂತ ತೊಡಕಿನದು. ಫೆ500 ಎಂದರೆ ಚದರ ಮಿಲಿಮೀಟರಿಗೆ 500 ನ್ಯೂಟನ್ ಎಳೆತಕ್ಕೆ ಜಗ್ಗತೊಡಗುವ ಕಂಬಿ. 32 ಮಿಲಿಮೀಟರ್ ದಪ್ಪದ್ದು ಒಂದು ಸುಮಾರು 41 ಟನ್ ತಡೆಯುತ್ತದೆ. ಜಗ್ಗತೊಡಗಿದ ಮೇಲೆ ತುಂಡಾಗುವ ಮುಂಚೆ ಎಷ್ಟು ಹಿಗ್ಗುತ್ತದೆ ಎನ್ನುವುದು ಇನ್ನೊಂದು ಅಂಕೆ. ಅಂಗಡಿಯಲ್ಲಿ ಯಾರೂ ಕೇಳದ ಅಂಕೆ ಇದು. ಐಎಸ್ 1786ರ ಪ್ರಕಾರ ಫೆ500 ಕನಿಷ್ಠ ಶೇ 12 ಹಿಗ್ಗಬೇಕು, ಕೊನೆಯಲ್ಲಿ ‘ಡಿ’ ಇರುವ ಫೆ500ಡಿ ಶೇ 16. ಬಲ ಏರಿಸಿದ ಫೆ600ಕ್ಕೆ ಶೇ 10 ಸಾಕು. ಬಲ ಏರಿದಂತೆ ಹಿಗ್ಗು ಇಳಿಯುತ್ತದೆ. ಬೈಂಡಿಂಗ್ ವೈರ್ ತುಂಡು ಮಾಡಲು ಕಟಿಂಗ್ ಪ್ಲೇಯರ್ ಸಿಗದಿದ್ದಾಗ ಮೇಸ್ತ್ರಿ ಏನು ಮಾಡುತ್ತಾನೆ? ಹಿಂದೆ ಮುಂದೆ ಏಳೆಂಟು ಸಲ ಬಗ್ಗಿಸುತ್ತಾನೆ, ಬೆರಳಿಗೆ ಬಿಸಿ ತಟ್ಟುತ್ತದೆ, ತಂತಿ ತುಂಡಾಗುತ್ತದೆ. ಭೂಕಂಪ ಕಂಬದ ಬುಡದಲ್ಲಿ ಕಂಬಿಗೆ ಮಾಡುವುದೂ ಇದನ್ನೇ. ಒಂದು ಕಂಪನದಲ್ಲಿ ಎಷ್ಟು ಸಲ ಹಾಗೆ ಬಗ್ಗಿಯೂ ಉಳಿಯುತ್ತದೆ ಎನ್ನುವುದೇ ಆ ‘ಡಿ’.

ಇನ್ನು ಬಲ ಮುಳುವಾಗುವ ಮಾತು. ಹಳೆಯ ಮನೆಗಳಲ್ಲಿ ಪಿಂಗಾಣಿ ಫ್ಯೂಸ್ ಇರುತ್ತಿತ್ತು. ಪದೇ ಪದೇ ಹೋಗುತ್ತದೆಂದು ಕೆಲವರು ಅದಕ್ಕೆ ದಪ್ಪ ತಂತಿ ಸುತ್ತುತ್ತಿದ್ದರು. ಆಮೇಲೆ ಫ್ಯೂಸ್ ಹೋಗುತ್ತಿರಲಿಲ್ಲ, ಗೋಡೆಯೊಳಗಿನ ವೈರಿಂಗ್ ಸುಡುತ್ತಿತ್ತು. ಸೇತುವೆ ವಿನ್ಯಾಸ ಮಾಡುವವರು ಎಲ್ಲಿ ಕೆಡಬೇಕು ಎಂದು ಮೊದಲೇ ತೀರ್ಮಾನಿಸಿರುತ್ತಾರೆ. ನೆಲಕ್ಕೆ ಸ್ವಲ್ಪ ಮೇಲೆ, ಕಣ್ಣಿಗೆ ಕಾಣುವ, ಕೈಗೆ ಎಟುಕುವ, ರಿಪೇರಿ ಮಾಡಬಹುದಾದ ಕಂಬದ ಬುಡದಲ್ಲಿ. ಅದು ಫ್ಯೂಸ್. ನೆಲದೊಳಗಿನ ಪೈಲು, ಪೈಲ್ ಕ್ಯಾಪ್, ಮೇಲಿನ ಬೇರಿಂಗ್ ಇವು ಕೆಡಬಾರದು. ಈಗ ನಕ್ಷೆಯಲ್ಲಿ 500 ಎಂದು ಬರೆದು ಸೈಟಿಗೆ 650 ಬಲದ ಕಂಬಿ ಬಂತೆನ್ನಿ. ‘ಹೆಚ್ಚಿದ್ದರೆ ಒಳ್ಳೆಯದೇ ಅಲ್ವಾ’ ಎಂದು ಎಲ್ಲರೂ ಸಂತೋಷದಿಂದ ಇಳಿಸಿಕೊಳ್ಳುತ್ತಾರೆ. ಫ್ಯೂಸಿಗೆ ದಪ್ಪ ತಂತಿ ಸುತ್ತಿದಂತಾಯಿತು. ಬುಡ ಬಾಗಲು ಒಪ್ಪದೆ ಬಲವನ್ನೆಲ್ಲ ಪೈಲಿಗೆ ದಾಟಿಸುತ್ತದೆ, ಅಥವಾ ಬಾಗುವ ಬದಲು ಕಂಬ ಓರೆಯಾಗಿ ಸೀಳುತ್ತದೆ. ಓರೆ ಸೀಳು ಮುನ್ಸೂಚನೆ ಕೊಡುವುದಿಲ್ಲ. ನೆಲದಡಿಯ ಪೈಲು ಮುರಿದರೆ ಕಣ್ಣಿಗೇ ಬೀಳುವುದಿಲ್ಲ. ಇದಕ್ಕೇ ಬಾಗುವ ಗುಣದ ಸಂಹಿತೆ ಐಎಸ್ 13920ರ 2016ರ ಆವೃತ್ತಿ ಎರಡು ಕಟ್ಟು ಹಾಕಿತು. ಕಂಬಿಯ ನಿಜವಾದ ಬಲ ಬರೆದ ಬಲಕ್ಕಿಂತ ಶೇ 20ಕ್ಕೂ ಹೆಚ್ಚಿರಬಾರದು. ತುಂಡಾಗುವ ಬಲ ಜಗ್ಗುವ ಬಲದ ಕನಿಷ್ಠ 1.15 ಪಟ್ಟು ಇರಬೇಕು. ಉಕ್ಕಿಗೆ ‘ಇದಕ್ಕಿಂತ ಹೆಚ್ಚಿರಬಾರದು’ ಎನ್ನುವ ನಿಯಮವೊಂದಿದೆ ಎಂದರೆ ಗುತ್ತಿಗೆದಾರರು ಇಂದಿಗೂ ನನ್ನ ಮುಖ ನೋಡುತ್ತಾರೆ.

ಹೈ ಸ್ಟ್ರೆಂತ್ ಉಕ್ಕಿನ ಪರವಾಗಿ ಹೇಳಬೇಕಾದದ್ದೂ ಇದೆ, ಅದು ಸಣ್ಣದಲ್ಲ. ಕೋಬೆಯಲ್ಲಿ ಬಿದ್ದ ಕಂಬಗಳಷ್ಟೇ ದುಃಖ ಕೊಟ್ಟದ್ದು ಬೀಳದ ಕಂಬಗಳು. ನೂರರಷ್ಟು ಕಾಂಕ್ರೀಟ್ ಕಂಬಗಳು ನಿಂತೇ ಇದ್ದವು, ಆದರೆ ಒಂದು ಡಿಗ್ರಿಗಿಂತ ಹೆಚ್ಚು ವಾಲಿದ್ದವು. ಅವನ್ನು ನೆಟ್ಟಗೆ ಮಾಡಲಾಗದೆ ಒಡೆದುಹಾಕಬೇಕಾಯಿತು. ಸಾಲ ತೀರಿಸಿದ ಕಂಬ, ಮಾತು ಉಳಿಸಿಕೊಂಡ ಕಂಬ, ಆದರೂ ಕೆಲಸಕ್ಕೆ ಬಾರದ ಕಂಬ. ಅಲ್ಲಿಂದ ಮುಂದೆ ಜಪಾನಿನ ಸಂಹಿತೆ ಕಂಪನ ನಿಂತ ಮೇಲೆ ಕಂಬ ಎಷ್ಟು ವಾಲಿ ಉಳಿಯಬಹುದು ಎನ್ನುವುದಕ್ಕೂ ಮಿತಿ ಹಾಕಿತು, ಎತ್ತರದ ಶೇ 1. ಇಲ್ಲಿ ಬಲಿಷ್ಠ ಕಂಬಿ ನೆರವಿಗೆ ಬರುತ್ತದೆ. ಸಾಧಾರಣ ಕಂಬಿ ಬೇಗ ಜಗ್ಗಿ ಹಾಗೆಯೇ ಉದ್ದವಾಗಿ ಉಳಿದುಬಿಡುತ್ತದೆ. ಬಲಿಷ್ಠ ಕಂಬಿ ರಬ್ಬರ್ ಬ್ಯಾಂಡಿನಂತೆ ಇನ್ನಷ್ಟು ದೂರ ಹಿಗ್ಗಿಯೂ ಮೊದಲಿನ ಉದ್ದಕ್ಕೆ ಮರಳುತ್ತದೆ, ಕಂಬವನ್ನು ತಾನೇ ಎಳೆದು ನೆಟ್ಟಗೆ ಮಾಡುತ್ತದೆ. ಹೆಬ್ಬಾಳದಿಂದ ವಿಮಾನ ನಿಲ್ದಾಣದ ಕಡೆ ಹೋಗುವ ಮೇಲ್ದಾರಿ ಮುಚ್ಚಿದರೆ ಉತ್ತರ ಬೆಂಗಳೂರಿನ ಗತಿ ಏನು ಎನ್ನುವುದು ಏರ್ ಶೋ ದಿನಗಳಲ್ಲಿ ಯಲಹಂಕದವರಿಗೆಲ್ಲ ಅಂದಾಜಾಗಿದೆ. ಕಂಪನವಾದ ಮರುಗಂಟೆಯೇ ಆಂಬುಲೆನ್ಸ್ ಓಡಬೇಕಾದ ರಸ್ತೆ ಅದು. ಅಂಥ ಕಡೆ ಬಲಿಷ್ಠ ಉಕ್ಕು, ಬಲಿಷ್ಠ ಕಾಂಕ್ರೀಟ್ ಎರಡಕ್ಕೂ ನನ್ನ ಒಪ್ಪಿಗೆಯಿದೆ. ಬಾಗುವ ಗುಣವನ್ನು ಬಿಟ್ಟುಕೊಟ್ಟು ಮಾತ್ರ ಬೇಡ.

ಬಲಿಷ್ಠ ವಸ್ತುವಿಗೆ ಆರೈಕೆಯೂ ಹೆಚ್ಚು ಬೇಕು. 2021ರ ಡಿಸೆಂಬರ್ ಕೊನೆಯಲ್ಲಿ ಪೀಣ್ಯ ಮೇಲ್ಸೇತುವೆಯನ್ನು ಮುಚ್ಚಿದ್ದು ಕಂಬ ಕೆಟ್ಟದ್ದಕ್ಕಲ್ಲ. ಮೇಲಿನ ತೊಲೆಯೊಳಗಿನ ಬಿಗಿದ ಕೇಬಲ್‌ಗಳಲ್ಲಿ ದೋಷ ಕಂಡಿತ್ತು. ಆ ಬಗೆಯ ತಂತಿ ಸಾಧಾರಣ ಕಂಬಿಯ ಮೂರು ನಾಲ್ಕು ಪಟ್ಟು ಬಲದ್ದು. ಹತ್ತು ಕಂಬಿಯ ಕೆಲಸವನ್ನು ಮೂರು ತಂತಿ ಮಾಡುವಾಗ ಒಂದು ತುಕ್ಕು ಹಿಡಿದರೂ ನಷ್ಟ ದೊಡ್ಡದು. ಕಾಂಕ್ರೀಟಿಗೂ ಇದೇ ಮಾತು. ಕಡಿಮೆ ನೀರಿನ ಮಿಶ್ರಣವನ್ನು ಬೆಂಗಳೂರಿನ ಮಾರ್ಚ್ ಗಾಳಿಯಲ್ಲಿ ಹಾಗೇ ಬಿಟ್ಟರೆ ಮೊದಲ ಸಂಜೆಯೇ ಬಿರುಕು. ಒತ್ತೊತ್ತು ರಿಂಗಿನ ನಡುವೆ ಅಂಟಂಟಾದ ಕಾಂಕ್ರೀಟ್ ಇಳಿಯದಿದ್ದರೆ ಒಳಗೆ ಹನಿಕೋಂಬ್, ಅಂದರೆ ಜೇನುಗೂಡಿನಂಥ ಟೊಳ್ಳು.

ಈ ಕೊನೆಯ ತೊಂದರೆಯನ್ನು ನಾನೇ ಕಂಡಿದ್ದೇನೆ. ಎಂಜಿನಿಯರಾಗಿ ಕೆಲಸಕ್ಕೆ ಸೇರಿದ ಹೊಸತು. ಒಂದು ಹಳ್ಳಕ್ಕೆ ಸೇತುವೆ. ಕಂಬದ ರಿಂಗುಗಳ ತುದಿಯನ್ನು ನಕ್ಷೆಯಲ್ಲಿ 135 ಡಿಗ್ರಿ ಒಳಕ್ಕೆ ಬಗ್ಗಿಸಬೇಕೆಂದಿತ್ತು. ಕಟ್ಟಿದ್ದದ್ದು 90 ಡಿಗ್ರಿ, ಬರೀ ಮೂಲೆಮಟ್ಟ. ಕೇಳಿದರೆ ಮೇಸ್ತ್ರಿ ಅಂದರು: ‘ಸಾಹೇಬ್ರೆ, ಒಳಗ್ ಬಗ್ಗಿಸಿದ್ರೆ ವೈಬ್ರೇಟರ್ ನೀಡಲ್ ಇಳಿಯಲ್ಲ. ಹೊರಗೆ ಕಾಂಕ್ರೀಟ್ ಇರುತ್ತಲ್ಲ, ಹಿಡ್ಕೊಳುತ್ತೆ.’ ಜಲ್ಲಿ, ಸಿಮೆಂಟು, ಆಳು ಎಲ್ಲ ಸಿದ್ಧವಿತ್ತು, ಮೋಡ ಕವಿದಿತ್ತು. ನಾನು ಒಪ್ಪಿದೆ. ಹೊರಗಿನ ಕಾಂಕ್ರೀಟ್ ಹಿಡಿದುಕೊಳ್ಳುತ್ತದೆ ಎನ್ನುವುದು ಭೂಕಂಪ ಬರುವವರೆಗೆ ಮಾತ್ರ ನಿಜ, ಮೊದಲು ಉದುರುವುದೇ ಅದು. ಉದುರಿದ ಮೇಲೆ ಮೂಲೆಮಟ್ಟದ ತುದಿ ಬಾಗಿಲ ಚಿಲಕ ತೆಗೆದಂತೆ ಹೊರಕ್ಕೆ ತೆರೆದುಕೊಳ್ಳುತ್ತದೆ. 135 ಡಿಗ್ರಿ ಬಾಗಿದ್ದು ತಿರುಳಿನೊಳಗೆ ಉಗುರೂರಿ ಕುಳಿತಿರುತ್ತದೆ. ಇದು ನನಗೆ ಅಂದೂ ಗೊತ್ತಿತ್ತು. ಆ ಸೇತುವೆ ಇವತ್ತಿಗೂ ನಿಂತಿದೆ, ಬಸ್ಸುಗಳು ಓಡುತ್ತಿವೆ. ಎಲ್ಲಿಯಾದರೂ ಭೂಮಿ ನಡುಗಿದ ಸುದ್ದಿ ಬಂದಾಗ ನನಗೆ ಮೊದಲು ನೆನಪಾಗುವುದು ಆ ಹಳ್ಳ.

ನನ್ನ ಕಳವಳ ಇರುವುದು ಇಲ್ಲೇ. ಬೆಂಗಳೂರಿನಲ್ಲಿ ಭೂಕಂಪದ ಲೆಕ್ಕ ಸಣ್ಣದು. ಅನೇಕ ಕಂಬಗಳಲ್ಲಿ ಗಾಳಿ, ಬ್ರೇಕ್ ಹಾಕಿದ ರೈಲಿನ ನೂಕು, ಒಂದೇ ಪಕ್ಕಕ್ಕೆ ಬಿದ್ದ ಭಾರ ಇವೇ ಅದನ್ನು ಮೀರಿಸುತ್ತವೆ. ಲೆಕ್ಕದಲ್ಲಿ ಗೆಲ್ಲದ್ದನ್ನು ಕೆಲಸದಲ್ಲಿ ಯಾರೂ ಹುಡುಕುವುದಿಲ್ಲ. ಕಟ್ಟಡಗಳಿಗೆ ಬಾಗುವ ಗುಣ ಕೊಡುವ ಐಎಸ್ 13920 ಕಡ್ಡಾಯವಾಗಿರುವುದು ವಲಯ 3ರಿಂದ ಮೇಲಕ್ಕೆ, ನಮ್ಮ ಊರು ಅದರ ಹೊರಗೆ. ರಸ್ತೆ ಸೇತುವೆಗಳಿಗೆ 2018ರಿಂದ ಐಆರ್‌ಸಿ ಎಸ್‌ಪಿ 114 ಎಂಬ ಪ್ರತ್ಯೇಕ ಮಾರ್ಗಸೂಚಿ ಬಂದಿದೆ, ಒಳ್ಳೆಯದಾಯಿತು. ವಲಯ ಯಾವುದೇ ಇರಲಿ, ಎಂ60 ಅಥವಾ ಫೆ550 ಬಳಸುವ ಪ್ರತಿ ಒಂಟಿಕಂಬಕ್ಕೂ ಬುಡದ ರಿಂಗುಗಳು ಮೂರನೇ ನಾಲ್ಕನೇ ವಲಯದ ಊರಿನಲ್ಲಿ ಇದ್ದಂತೆಯೇ ಇರಬೇಕು ಎಂದು ನಾನು ಬಲವಾಗಿ ನಂಬಿದ್ದೇನೆ. ಇದಕ್ಕೆ ಬೇಕಾದ ಹೆಚ್ಚುವರಿ ಉಕ್ಕು ಕಂಬದ ಒಟ್ಟು ಖರ್ಚಿನಲ್ಲಿ ಸಣ್ಣ ಪಾಲು. ಕಿಲಾರಿಯ ನಕ್ಷೆ ತಪ್ಪಿತ್ತು. ನಕ್ಷೆ ಮತ್ತೆ ತಪ್ಪಿದರೆ ನಮ್ಮನ್ನು ಕಾಯುವುದು ಆ ರಿಂಗೇ. ಪರೀಕ್ಷಿಸಿ ನೋಡಲು ದೂರ ಹೋಗಬೇಕಾಗಿಯೂ ಇಲ್ಲ. ಸದಾಶಿವನಗರದ ಬಳಿ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಲ್ಲಿ ಮೂರು ಮೀಟರ್ ಅಗಲದ, ಆರೂ ಬಗೆಯಲ್ಲಿ ಅಲುಗುವ ಕಂಪನ ಮೇಜು ಇದೆ. ವಿದ್ಯುತ್ ಉಪಕರಣಗಳನ್ನು ಅದರ ಮೇಲಿಟ್ಟು ಹಳೆಯ ಭೂಕಂಪಗಳನ್ನು ಮತ್ತೆ ಬರಿಸಿ ನೋಡುತ್ತಾರೆ. ನಮ್ಮ ಮೆಟ್ರೊ ಕಂಬದ ಪುಟ್ಟ ಮಾದರಿಗಳನ್ನು, ನಮ್ಮದೇ ಎಂ ಸ್ಯಾಂಡ್, ನಮ್ಮದೇ ಜಲ್ಲಿ, ನಮ್ಮದೇ ಕಂಬಿಯಿಂದ ಮಾಡಿ ಅಂಥ ಮೇಜಿನ ಮೇಲೆ ಮುರಿದು ನೋಡಬೇಕು, ಫಲಿತಾಂಶವನ್ನು ಊರಿಗೆ ತೋರಿಸಬೇಕು. ಸದ್ಯಕ್ಕೆ ಜನರಿಗೆ ತೋರಿಸುತ್ತಿರುವುದು ಕ್ಯೂಬ್ ಟೆಸ್ಟಿನ ವರದಿ. ಅದು ಕಾಂಕ್ರೀಟಿನ ಬಲ ಹೇಳುತ್ತದೆ. ಕಂಬ ಹೇಗೆ ಕೆಡುತ್ತದೆ ಎಂದು ಹೇಳುವುದಿಲ್ಲ.

ನಮ್ಮ ಬೀದಿಯಲ್ಲಿ ಈಗೊಂದು ಮನೆ ಏಳುತ್ತಿದೆ. ಮೊನ್ನೆ ಮೇಷ್ಟ್ರನ್ನು ಅಲ್ಲಿಗೆ ಕರೆದುಕೊಂಡು ಹೋದೆ. ರಾಯಚೂರು ಕಡೆಯ ಹುಡುಗನೊಬ್ಬ ಮೊಳೆ ಬಡಿದ ಹಲಗೆಯ ಮೇಲೆ ರಿಂಗು ಬಗ್ಗಿಸುತ್ತಿದ್ದ. ಎಂಟು ಮಿಲಿಮೀಟರ್ ಕಂಬಿಯನ್ನು ಎರಡು ಮೊಳೆಗಳ ನಡುವೆ ತೂರಿಸಿ, ತುದಿಗೆ ಪೈಪು ಹಾಕಿ ಒಂದು ಸಲ ಮೈಭಾರ ಬಿಟ್ಟರೆ ಮೂಲೆಮಟ್ಟ. ಹಾಗೆ ನಾಲ್ಕು ಸಲ ಬಗ್ಗಿಸಿ ಪಕ್ಕಕ್ಕೆ ಎಸೆಯುತ್ತಿದ್ದ. ರಾಶಿಯಿಂದ ಒಂದನ್ನು ಎತ್ತಿ ಮೇಷ್ಟ್ರ ಕೈಗೆ ಕೊಟ್ಟು ತುದಿಯನ್ನು ತೋರಿಸಿದೆ. ‘ಏನಪ್ಪಾ, ಇದು ಇನ್ನೊಂಚೂರು ಒಳಗೆ ಬರಬೇಕಂತಲ್ಲ’ ಎಂದರು ಮೇಷ್ಟ್ರು. ಹುಡುಗ ನಮ್ಮಿಬ್ಬರನ್ನೂ ನೋಡಿದ. ‘ಬರ್ತೈತ್ರೀ, ಯಾರೂ ಕೇಳಂಗಿಲ್ಲ’ ಎಂದ. ಮುಂದಿನ ಕಂಬಿ ತೂರಿಸಿದ, ಮೂಲೆಮಟ್ಟಕ್ಕೆ ತಂದ. ಪೈಪನ್ನು ತೆಗೆಯಲಿಲ್ಲ. ಕಾಲು ಬದಲಿಸಿ ನಿಂತು, ಇನ್ನೂ ನಲವತ್ತೈದು ಡಿಗ್ರಿ ಒತ್ತಿದ.